ಕಡಲಿಗೆ ದಾರಿ, ದಡದಲ್ಲಿ ಲೆಕ್ಕ

(ಮಾಸ್ತಿಕಟ್ಟೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಾಸ್ತಿಕಟ್ಟೆಗೂ ಕಡಲಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಘಾಟಿಯ ಕಡೆಗೆ ಕೈ ತೋರಿಸಿದರೆ ಸಾಕು. ಇಲ್ಲಿಂದ ಹುಲಿಕಲ್ ದಾಟಿ ಬಾಳೆಬರೆ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ. ಮುಂದೆ ಕುಂದಾಪುರ, ಬಸರೂರು, ಗಂಗೊಳ್ಳಿ. ಹಿಂದಕ್ಕೆ ತಿರುಗಿದರೆ ನಗರ, ಅಂದರೆ ಕೆಳದಿ ಅರಸರ ಬಿದನೂರು. ಮಲೆನಾಡಿನ ಮೆಣಸು ಕರಾವಳಿಯ ಬಂದರುಗಳಲ್ಲಿ ಹಡಗು ಏರುತ್ತಿದ್ದ ಕಾಲದಲ್ಲಿ ಈ ಊರುಗಳ ಬದುಕು ಕಡಲಿನ ಬದುಕಿಗೆ ಹೆಣೆದುಕೊಂಡಿತ್ತು. ಬೆಳೆದವರು ಇಲ್ಲಿ, ಕೊಳ್ಳುವವರು ಅರಬ್ಬಿ ಸಮುದ್ರದ ಆಚೆ.

ಹಾಗಿದ್ದರೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವಾರಗಟ್ಟಲೆ ನೆಲದ ಗುರುತೇ ಕಾಣದ ನೀರಿನಲ್ಲಿ ತೇಲಿ ಬಂದ ಹಡಗು ಗಂಗೊಳ್ಳಿಯ ಅಳಿವೆಗೇ ಬಂದು ಸೇರುತ್ತಿದ್ದುದು ಹೇಗೆ? ಕಡಲಿನಲ್ಲಿ ಮೈಲಿಗಲ್ಲು ಇಲ್ಲ, ದಾರಿ ಕೇಳಲು ಜನರಿಲ್ಲ. ಇರುವುದು ಮೇಲಿನ ಆಕಾಶ ಮಾತ್ರ. ಆಕಾಶ ನೋಡಿ ನೆಲದ ಮೇಲಿನ ಜಾಗ ಹೇಳುವ ವಿದ್ಯೆಗೆ ಆಧಾರವಾದದ್ದು ಒಂದು ಅಂಕಿಗಳ ಪಟ್ಟಿ. ಶಾಲೆಯಲ್ಲಿ ‘ಸೈನ್, ಕೊಸೈನ್’ ಎಂದು ಕಲಿತು ಮರೆತ ಅಂಕಿಗಳೇ ಅವು. ಯಂತ್ರವಿಲ್ಲದ ಕಾಲದಲ್ಲಿ ಆ ಪಟ್ಟಿಯನ್ನು ಕೈಯಿಂದ ಮಾಡಿದವರು ಯಾರು, ಹೇಗೆ ಮಾಡಿದರು, ಅದರಲ್ಲಿ ಒಂದು ಅಂಕಿ ತಪ್ಪಿದರೆ ಏನಾಗುತ್ತಿತ್ತು ಎಂಬುದೇ ಇಂದಿನ ವಿಷಯ.

ಧ್ರುವನ ಎತ್ತರ

ಮೊದಲು ಲೆಕ್ಕವೇ ಬೇಡದ ವಿಧಾನವನ್ನು ನೋಡೋಣ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನೋಡುವವನು ಸಮಭಾಜಕದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಉತ್ತರದಲ್ಲಿರುತ್ತಾನೆ. ಅದೇ ಅಕ್ಷಾಂಶ. ಮಾಸ್ತಿಕಟ್ಟೆಯ ಅಕ್ಷಾಂಶ ಸುಮಾರು ಹದಿಮೂರು ಮುಕ್ಕಾಲು ಡಿಗ್ರಿ. ಕನ್ಯಾಕುಮಾರಿಯವರಿಗೆ ಧ್ರುವ ಇನ್ನೂ ತಗ್ಗಿನಲ್ಲಿ, ದಿಲ್ಲಿಯವರಿಗೆ ಇದರ ಎರಡರಷ್ಟು ಎತ್ತರದಲ್ಲಿ.

ಹಿಂದೂ ಮಹಾಸಾಗರದ ಅರಬ್ ನಾವಿಕರು ಇದನ್ನು ಅಳೆಯಲು ಬಳಸಿದ್ದು ‘ಕಮಾಲ್’ ಎಂಬ ಸಾಧನ. ಒಂದು ಸಣ್ಣ ಮರದ ಹಲಗೆ, ಅದರ ನಡುವಿನಿಂದ ಹೊರಟ ಗಂಟು ಹಾಕಿದ ದಾರ, ಇಷ್ಟೇ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಹಿಡಿದಾಗ ಅದರ ಕೆಳ ಅಂಚು ದಿಗಂತವನ್ನು, ಮೇಲಿನ ಅಂಚು ಧ್ರುವನನ್ನು ಮುಟ್ಟಿದರೆ ಆ ಗಂಟು ಯಾವ ಬಂದರಿನದೋ ಆ ಬಂದರಿನ ಅಕ್ಷಾಂಶಕ್ಕೆ ಹಡಗು ಬಂದಿದೆ ಎಂದು ಅರ್ಥ. ಮುಂದೆ ಪೂರ್ವಕ್ಕೆ ನೇರ ಹಾಯಿ ಬಿಟ್ಟರಾಯಿತು. ಬಂದರಿನ ಅಕ್ಷಾಂಶವೇ ಗಂಟಾಗಿ ದಾರದಲ್ಲಿ ಕೂತಿರುತ್ತಿತ್ತು.

ಆದರೆ ಈ ವಿಧಾನಕ್ಕೆ ಮಿತಿಗಳಿದ್ದವು. ಧ್ರುವ ನಕ್ಷತ್ರ ನಿಜವಾದ ಉತ್ತರ ಧ್ರುವಬಿಂದುವಿನಲ್ಲೇ ಕೂತಿಲ್ಲ. ಇಂದು ಅದರಿಂದ ಮುಕ್ಕಾಲು ಡಿಗ್ರಿಗಿಂತ ಕಡಿಮೆ ದೂರದಲ್ಲಿದೆ. ಐನೂರು ವರ್ಷಗಳ ಹಿಂದೆ ಮೂರು ಡಿಗ್ರಿಗೂ ಹೆಚ್ಚು ದೂರವಿತ್ತು. ಮೋಡ ಕವಿದರೆ ಅದು ಕಾಣುವುದಿಲ್ಲ. ಸಮಭಾಜಕ ದಾಟಿದರೆ ಅದು ಮುಳುಗಿಯೇ ಹೋಗುತ್ತದೆ. ಆಗ ಸೂರ್ಯನನ್ನೋ ಬೇರೆ ನಕ್ಷತ್ರವನ್ನೋ ನಂಬಬೇಕು. ಅವು ಧ್ರುವನಂತೆ ಒಂದೇ ಕಡೆ ನಿಲ್ಲುವುದಿಲ್ಲ, ಗಳಿಗೆ ಗಳಿಗೆಗೂ ಸರಿಯುತ್ತವೆ. ಲೆಕ್ಕ ಶುರುವಾಗುವುದು ಇಲ್ಲಿಂದ.

ಒಂದು ಕಲೆ, ಒಂದು ಮೈಲಿ

ಡಿಗ್ರಿಯ ಅರವತ್ತನೇ ಒಂದು ಪಾಲಿಗೆ ಪಂಚಾಂಗದವರು ‘ಕಲೆ’ ಎನ್ನುತ್ತಾರೆ. ಪೂರ್ಣ ವೃತ್ತಕ್ಕೆ 360 ಡಿಗ್ರಿ. ಅಂದರೆ 21,600 ಕಲೆ. ಭೂಮಿಯ ಮೇಲೆ ಒಂದು ಕಲೆಯಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಆಗುವ ದೂರವೇ ನಾವಿಕರ ‘ನಾಟಿಕಲ್ ಮೈಲಿ’, 1,852 ಮೀಟರ್. ಆದ್ದರಿಂದ ಭೂಮಿಯ ಸುತ್ತಳತೆಯೂ ಸುಮಾರು 21,600 ನಾಟಿಕಲ್ ಮೈಲಿ. ಈ ಹೊಂದಾಣಿಕೆ ನೆನಪಿನಲ್ಲಿರಲಿ. ಆಕಾಶದಲ್ಲಿ ಒಂದು ಕಲೆ ತಪ್ಪಿದರೆ ನೀರಿನ ಮೇಲೆ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ತಪ್ಪುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಿಂದ ಹಡಗುಗಳಲ್ಲಿ ಪ್ರಚಾರಕ್ಕೆ ಬಂದ ವಿಧಾನ ಫ್ರೆಂಚ್ ನೌಕಾಧಿಕಾರಿ ಮಾರ್ಕ್ ಸೇಂಟ್-ಹಿಲೇರ್ 1875ರಲ್ಲಿ ಪ್ರಕಟಿಸಿದ್ದು. ನಾವಿಕ ಮೊದಲು ‘ಹಡಗು ಇಲ್ಲಿರಬಹುದು’ ಎಂದು ಒಂದು ಜಾಗ ಊಹಿಸುತ್ತಾನೆ. ಅಲ್ಲಿಂದ ನೋಡಿದರೆ ಇಂಥ ನಕ್ಷತ್ರ ಈ ಕ್ಷಣದಲ್ಲಿ ಎಷ್ಟು ಎತ್ತರದಲ್ಲಿ ಕಾಣಬೇಕು ಎಂದು ಲೆಕ್ಕ ಹಾಕುತ್ತಾನೆ. ಆಮೇಲೆ ಸೆಕ್ಸ್‌ಟೆಂಟ್‌ನಲ್ಲಿ ಅಳೆದ ನಿಜವಾದ ಎತ್ತರಕ್ಕೆ ಹೋಲಿಸುತ್ತಾನೆ. ನಕ್ಷತ್ರ ಐದು ಕಲೆ ಹೆಚ್ಚು ಎತ್ತರದಲ್ಲಿ ಕಂಡರೆ ಹಡಗು ಆ ನಕ್ಷತ್ರದ ದಿಕ್ಕಿಗೆ ಐದು ನಾಟಿಕಲ್ ಮೈಲಿ ಹತ್ತಿರದಲ್ಲಿದೆ ಎಂದು ಲೆಕ್ಕ. ಇಂಥ ಎರಡು ಮೂರು ನಕ್ಷತ್ರಗಳ ಗೆರೆಗಳು ನಕ್ಷೆಯಲ್ಲಿ ಕೂಡುವ ಜಾಗದಲ್ಲಿ ಹಡಗು ಇರುತ್ತದೆ.

ನಡುವಿನ ಆ ‘ಎಷ್ಟು ಎತ್ತರದಲ್ಲಿ ಕಾಣಬೇಕು’ ಎಂಬ ಲೆಕ್ಕಕ್ಕೇ ಸೈನ್ ಪಟ್ಟಿ ಬೇಕು. ಅಕ್ಷಾಂಶದ ಸೈನ್ ಮತ್ತು ನಕ್ಷತ್ರದ ಕ್ರಾಂತಿಯ ಸೈನ್ ಗುಣಿಸಬೇಕು; ಅವೆರಡರ ಕೊಸೈನ್‌ಗಳನ್ನು ಕಾಲಕೋನದ ಕೊಸೈನ್‌ನೊಂದಿಗೆ ಗುಣಿಸಿ ಅದಕ್ಕೆ ಕೂಡಿಸಬೇಕು. ಬಂದದ್ದು ಎತ್ತರದ ಸೈನ್. ತೂಗುವ ಹಡಗಿನಲ್ಲಿ, ಕಂದೀಲಿನ ಬೆಳಕಿನಲ್ಲಿ ಕೂತು ಸೈನ್ ಬೆಲೆಯನ್ನು ಬುಡದಿಂದ ಲೆಕ್ಕ ಹಾಕುವ ವ್ಯವಧಾನ ಯಾವ ನಾವಿಕನಿಗೂ ಇಲ್ಲ. ಅದನ್ನು ದಡದಲ್ಲಿ ಕೂತ ಯಾರೋ ಮೊದಲೇ ಮಾಡಿಟ್ಟಿರಬೇಕು.

ಬಿಲ್ಲಿನ ಹೆದೆ

ಸೈನ್‌ಗೆ ನಮ್ಮ ಗಣಿತಜ್ಞರು ಇಟ್ಟ ಹೆಸರು ‘ಜ್ಯಾ’, ಅಂದರೆ ಬಿಲ್ಲಿನ ಹೆದೆ. ವೃತ್ತದ ಒಂದು ತುಂಡು ಬಿಲ್ಲಾದರೆ ಅದರ ಎರಡು ತುದಿಗಳನ್ನು ಜೋಡಿಸುವ ನೇರ ಗೆರೆ ಹೆದೆ. ಅದರ ಅರ್ಧವೇ ಲೆಕ್ಕಕ್ಕೆ ಬೇಕಾದ ಜ್ಯಾ. ‘ಜೀವಾ’ ಎಂದೂ ಇದಕ್ಕೆ ಹೆಸರುಂಟು. ಈ ಪದ ಅರಬ್ಬಿಗೆ ಹೋಗಿ ‘ಜೀಬಾ’ ಆಯಿತು. ಅರಬ್ಬಿ ಬರವಣಿಗೆಯಲ್ಲಿ ಸ್ವರಗಳನ್ನು ಬಿಡುವ ರೂಢಿಯಿದ್ದುದರಿಂದ ಮುಂದಿನವರು ಅದನ್ನು ‘ಜೈಬ್’ ಎಂದು ಓದಿದರು. ಜೈಬ್ ಎಂದರೆ ಉಡುಪಿನ ಮಡಿಕೆ, ಮಡಿಲು. ಹನ್ನೆರಡನೇ ಶತಮಾನದ ಲ್ಯಾಟಿನ್ ಅನುವಾದಕರು ಅದೇ ಅರ್ಥದ ‘ಸೈನಸ್’ ಎಂಬ ಪದ ಬಳಸಿದರು. ಇಂದು ಪಠ್ಯಪುಸ್ತಕದಲ್ಲಿರುವ ‘ಸೈನ್’ ಹೀಗೆ ಊರೂರು ಸುತ್ತಿ ರೂಪ ಕೆಟ್ಟು ಮರಳಿದ ನಮ್ಮ ‘ಜೀವಾ’.

ಕ್ರಿ.ಶ. 499ರ ಕಾಲದ ‘ಆರ್ಯಭಟೀಯ’ದಲ್ಲಿ ಆರ್ಯಭಟ ಇಂಥ 24 ಜ್ಯಾಗಳ ಪಟ್ಟಿಯನ್ನು ಒಂದೇ ಒಂದು ಪದ್ಯದಲ್ಲಿ ಅಡಗಿಸಿದ. ಅಕ್ಷರಗಳಿಗೇ ಅಂಕಿಯ ಬೆಲೆ ಕೊಟ್ಟ ಸಂಕೇತ ಅವನದು. ಪದ್ಯ ಬಾಯಿಗೆ ಬಂದರೆ ಪಟ್ಟಿ ಕೈಗೆ ಬಂದಂತೆ. ಅವನು ಈ ಪಟ್ಟಿ ಮಾಡಿದ್ದು ಹಡಗಿಗಾಗಿ ಅಲ್ಲ, ಗ್ರಹಗಳ ಸ್ಥಾನ ಹೇಳುವುದಕ್ಕೆ, ಗ್ರಹಣ ಲೆಕ್ಕ ಹಾಕುವುದಕ್ಕೆ. ಆದರೆ ಆಕಾಶದ ತ್ರಿಕೋನ ಜ್ಯೋತಿಷಿಗೂ ನಾವಿಕನಿಗೂ ಒಂದೇ.

ಅವನು ಆರಿಸಿಕೊಂಡ ವೃತ್ತದ ತ್ರಿಜ್ಯ 3,438. ವಿಚಿತ್ರವಾಗಿ ಕಾಣುವ ಈ ಸಂಖ್ಯೆಗೆ ಸರಳ ಕಾರಣವಿದೆ. ವೃತ್ತದ ಸುತ್ತಳತೆ 21,600 ಕಲೆ ಆದರೆ ಅದರ ತ್ರಿಜ್ಯ ಸುಮಾರು 3,437¾ ಕಲೆ. ಅದನ್ನೇ ಪೂರ್ಣಸಂಖ್ಯೆ ಮಾಡಿದರೆ 3,438. ಒಂದು ಕಲೆಗೆ ಒಂದು ನಾಟಿಕಲ್ ಮೈಲಿ ಎಂದು ಹಿಡಿದರೆ ಇದೇ ಅಂಕಿ ಭೂಮಿಯ ತ್ರಿಜ್ಯವೂ ಆಗುತ್ತದೆ: 3,438ನ್ನು 1.852ರಿಂದ ಗುಣಿಸಿದರೆ 6,367 ಕಿಲೋಮೀಟರ್. ಇಂದಿನ ಅಳತೆಯ ಪ್ರಕಾರ ಭೂಮಿಯ ಸರಾಸರಿ ತ್ರಿಜ್ಯ 6,371.

ಕೂಡಿಸು, ಕಳೆ

ಈಗ ಪಟ್ಟಿ ಮಾಡುವ ಕ್ರಮ. ಕಾಲು ವೃತ್ತದ 90 ಡಿಗ್ರಿಯನ್ನು 24 ಪಾಲು ಮಾಡಿದರೆ ಒಂದು ಪಾಲಿಗೆ 3 ಡಿಗ್ರಿ 45 ಕಲೆ, ಅಂದರೆ 225 ಕಲೆ. ಇಷ್ಟು ಚಿಕ್ಕ ಬಿಲ್ಲಿಗೂ ಅದರ ಹೆದೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದ್ದರಿಂದ ಮೊದಲ ಜ್ಯಾ 225.

ಎರಡನೆಯದಕ್ಕೆ ಎಷ್ಟು ಕೂಡಿಸಬೇಕು? ಮೊದಲ ಜ್ಯಾವನ್ನು 225ರಿಂದ ಭಾಗಿಸಿ, ಬಂದ 1ನ್ನು 225ರಿಂದ ಕಳೆದರೆ 224. ಹಾಗಾಗಿ ಎರಡನೇ ಜ್ಯಾ 225 ಕೂಡಿಸು 224, ಅಂದರೆ 449. ಮತ್ತೆ 449ನ್ನು 225ರಿಂದ ಭಾಗಿಸಿದರೆ ಸುಮಾರು 2. ಅದನ್ನು 224ರಿಂದ ಕಳೆದರೆ 222. ಮೂರನೇ ಜ್ಯಾ 671. ಮುಂದೆ 671ನ್ನು ಭಾಗಿಸಿದರೆ ಸುಮಾರು 3. 222ರಲ್ಲಿ 3 ಹೋದರೆ 219. ನಾಲ್ಕನೇ ಜ್ಯಾ 890. ಹೀಗೆ ಪ್ರತಿ ಸಲ ಕೂಡಿಸುವ ಅಂಕಿ ಕರಗುತ್ತಾ ಹೋಗಿ ಕೊನೆಗೆ 7 ಉಳಿಯುತ್ತದೆ, ಮೊತ್ತ 3,438ಕ್ಕೆ ಮುಟ್ಟುತ್ತದೆ. ಮಗ್ಗಿ ಬಲ್ಲ ಹುಡುಗ ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ.

ಆದರೆ ಅಲ್ಲಿ ಒಂದು ಎಡವುಗಲ್ಲಿದೆ. ಇದೇ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸಿದರೆ ಏಳನೇ ಸಲ ಕೂಡಿಸಬೇಕಾದ ಅಂಕಿ 204 ಎಂದು ಬರುತ್ತದೆ. ಆರ್ಯಭಟನ ಪಟ್ಟಿಯಲ್ಲಿರುವುದು 205. ಸತ್ಯಕ್ಕೆ ಹತ್ತಿರವಿರುವುದೂ 205ೇ. ದೋಷ ಇರುವುದು ಭಾಜಕದಲ್ಲಿ. ಅದು 225ರ ಬದಲು 233½ಕ್ಕೆ ಸಮೀಪವಿರಬೇಕು. ಸುಮಾರು 1,500ರ ಹೊತ್ತಿಗೆ ಕೇರಳದ ನೀಲಕಂಠ ಸೋಮಯಾಜಿ ತನ್ನ ‘ತಂತ್ರಸಂಗ್ರಹ’ದಲ್ಲಿ 233½ನ್ನೇ ಬಳಸಿದ. ಸಣ್ಣ ತಪ್ಪು ಮೊದಲ ಆರು ಹೆಜ್ಜೆಗಳಲ್ಲಿ ಕಾಣಿಸದೆ ಕೂತು ಏಳನೆಯದರಲ್ಲಿ ಹೊರಬರುತ್ತದೆ. ಕೈಲೆಕ್ಕದ ಅಪಾಯವೇ ಇದು: ಹಿಂದಿನ ಸಾಲಿನ ತಪ್ಪು ಮುಂದಿನ ಸಾಲಿಗೆ ಸಾಲದಂತೆ ವರ್ಗವಾಗುತ್ತದೆ.

ಮಾಸ್ತಿಕಟ್ಟೆಯ ಜ್ಯಾ

ಈ ಪಟ್ಟಿಯನ್ನು ನಮ್ಮ ಊರಿಗೇ ಹಚ್ಚಿ ನೋಡೋಣ. ಅಕ್ಷಾಂಶ 13 ಡಿಗ್ರಿ 45 ಕಲೆ. ಪಟ್ಟಿಯಲ್ಲಿ 11 ಡಿಗ್ರಿ 15 ಕಲೆಗೆ 671 ಇದೆ, 15 ಡಿಗ್ರಿಗೆ 890 ಇದೆ. ನಮಗೆ ಬೇಕಾದದ್ದು ಇವೆರಡರ ನಡುವೆ, ಸರಿಯಾಗಿ ಮೂರರಲ್ಲಿ ಎರಡು ಪಾಲು ದೂರದಲ್ಲಿ. ಅಂತರ 219, ಅದರ ಮೂರರಲ್ಲಿ ಎರಡು ಪಾಲು 146. 671ಕ್ಕೆ 146 ಕೂಡಿಸಿದರೆ 817. ಇಂದಿನ ಗಣಕಯಂತ್ರದ ಉತ್ತರವನ್ನು ಇದೇ ಅಳತೆಗೆ ತಂದರೆ 817.1. ಸಾವಿರದ ಐನೂರು ವರ್ಷ ಹಳೆಯ ಪಟ್ಟಿಯಿಂದ, ಒಂದು ಭಾಗಾಕಾರ ಮತ್ತು ಒಂದು ಸಂಕಲನದಿಂದ ಬಂದ ಉತ್ತರದಲ್ಲಿ ಇರುವ ವ್ಯತ್ಯಾಸ ಒಂದು ಕಲೆಯ ಹತ್ತನೇ ಒಂದು ಪಾಲು.

ಪಟ್ಟಿಯೇ ಇಲ್ಲದೆ ಜ್ಯಾ ಹೇಳುವ ಅಡ್ಡದಾರಿಯೂ ಇತ್ತು. ಏಳನೇ ಶತಮಾನದ ಒಂದನೇ ಭಾಸ್ಕರ ತನ್ನ ‘ಮಹಾಭಾಸ್ಕರೀಯ’ದಲ್ಲಿ ಅದನ್ನು ಕೊಟ್ಟಿದ್ದಾನೆ. ಕೋನವನ್ನು 180ರಿಂದ ಕಳೆದು, ಉಳಿದದ್ದನ್ನು ಕೋನದಿಂದಲೇ ಗುಣಿಸಿ. ಆ ಗುಣಲಬ್ಧದ ನಾಲ್ಕರಷ್ಟನ್ನು, 40,500ರಿಂದ ಅದೇ ಗುಣಲಬ್ಧ ಕಳೆದು ಉಳಿದದ್ದರಿಂದ ಭಾಗಿಸಿ. 30 ಡಿಗ್ರಿಗೆ ಇದು ಕರಾರುವಾಕ್ಕಾಗಿ ಅರ್ಧ ಕೊಡುತ್ತದೆ, 90ಕ್ಕೆ ಸರಿಯಾಗಿ ಒಂದು ಕೊಡುತ್ತದೆ. ಜಾಣ ಉಪಾಯ. ಮಾಸ್ತಿಕಟ್ಟೆಯ ಕೋನಕ್ಕೆ ಇದನ್ನು ಬಳಸಿ 3,438ರಿಂದ ಗುಣಿಸಿದರೆ ಬರುವುದು ಸುಮಾರು 822½. ಸರಿಯುತ್ತರಕ್ಕಿಂತ ಐದೂವರೆ ಹೆಚ್ಚು.

ಐದೂವರೆ ಎಂದರೆ ದೊಡ್ಡದೇನಲ್ಲ ಎನಿಸಬಹುದು. ಆ ಜ್ಯಾವನ್ನು ಮತ್ತೆ ಕೋನಕ್ಕೆ ತಿರುಗಿಸಿದರೆ ತಪ್ಪು ಐದೂವರೆ ಕಲೆಗೂ ತುಸು ಹೆಚ್ಚು. ನೀರಿನ ಮೇಲೆ ಹತ್ತು ಕಿಲೋಮೀಟರ್ ಮೀರುತ್ತದೆ. ಗಂಗೊಳ್ಳಿಯ ಅಳಿವೆಗೆ ಬರಬೇಕಾದ ಹಡಗು ಮರವಂತೆಯ ಎದುರು ಬಂದು ನಿಂತ ಹಾಗೆ. ಹಗಲಾದರೆ ಕಣ್ಣಿಗೆ ಕಂಡೀತು. ಮುಂಗಾರಿನ ಮುಸುಕಿನಲ್ಲಿ, ಕತ್ತಲಲ್ಲಿ, ಬಂಡೆಗಳಿರುವ ದಡದ ಕಡೆಗೆ ಹೋಗುವ ಹಡಗಿಗೆ ಹತ್ತು ಕಿಲೋಮೀಟರ್ ಎಂಬುದು ಬದುಕು ಸಾವಿನ ಅಂತರ. ನೆಲದ ಮೇಲೆ ಕೂತು ಗ್ರಹಣದ ಹೊತ್ತು ಹೇಳುವವನಿಗೆ ಸಾಕಾಗುವ ಅಡ್ಡದಾರಿ ಕಡಲಿನವನಿಗೆ ಸಾಕಾಗುವುದಿಲ್ಲ.

ಸಹ್ಯಾದ್ರಿಯ ಸಾಲಿನಲ್ಲಿ

ಪಟ್ಟಿಯನ್ನು ಸೂಕ್ಷ್ಮಗೊಳಿಸುವ ಪ್ರಯತ್ನ ಮುಂದುವರಿದದ್ದು ಬಹುಮಟ್ಟಿಗೆ ಇದೇ ಸಹ್ಯಾದ್ರಿಯ ಆಸುಪಾಸಿನಲ್ಲಿ. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಎರಡನೇ ಭಾಸ್ಕರ ತನ್ನ ಊರು ಸಹ್ಯಪರ್ವತದ ಆಶ್ರಯದ ವಿಜ್ಜಡವಿಡ ಎಂದಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಕೆಲವರು, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದು ಎಂದು ಕೆಲವರು ವಾದಿಸುತ್ತಾರೆ. ಜ್ಯಾಗಳನ್ನು ಹುಟ್ಟಿಸುವ ವಿಧಾನಗಳಿಗಾಗಿಯೇ ಅವನು ‘ಜ್ಯೋತ್ಪತ್ತಿ’ ಎಂಬ ಪ್ರತ್ಯೇಕ ಭಾಗ ಬರೆದ. ಅವನ ಕ್ರಮದಲ್ಲಿ 24ರ ಬದಲು 90 ಜ್ಯಾಗಳು, ಡಿಗ್ರಿಗೊಂದು. ಒಂದು ಜ್ಯಾದಿಂದ ಅದರದೇ 6,569ನೇ ಒಂದು ಪಾಲನ್ನು ಕಳೆದು, ಅದರ ಕೋಟಿಜ್ಯಾದ, ಅಂದರೆ ಕೊಸೈನ್‌ನ, 573ರಲ್ಲಿ 10 ಪಾಲನ್ನು ಕೂಡಿಸಿದರೆ ಮುಂದಿನ ಡಿಗ್ರಿಯ ಜ್ಯಾ ಸಿಗುತ್ತದೆ.

ಹದಿನಾಲ್ಕನೇ ಶತಮಾನದಲ್ಲಿ, ಇದೇ ಕರಾವಳಿಯ ದಕ್ಷಿಣಕ್ಕೆ, ಸಂಗಮಗ್ರಾಮದ ಮಾಧವ ಇನ್ನೂ ಮುಂದೆ ಹೋದ. ಬಿಲ್ಲಿನ ಉದ್ದದಿಂದ ಅದರ ಘನದ ಒಂದು ಪಾಲು ಕಳೆ, ಐದನೇ ಘಾತದ ಒಂದು ಪಾಲು ಕೂಡಿಸು, ಹೀಗೆ ಮುಗಿಯದ ಸರಣಿಯೊಂದನ್ನು ಅವನು ಕಂಡುಕೊಂಡ. ಮಾಸ್ತಿಕಟ್ಟೆಯ ಕೋನ 825 ಕಲೆ. ಅದರ ಘನವನ್ನು ತ್ರಿಜ್ಯದ ವರ್ಗದ ಆರರಷ್ಟರಿಂದ ಭಾಗಿಸಿದರೆ ಸುಮಾರು 7.9. 825ರಿಂದ ಅದನ್ನು ಕಳೆದರೆ 817.1. ಎರಡೇ ಹೆಜ್ಜೆಗೆ ಉತ್ತರ ಮುಗಿಯಿತು. ಮಾಧವನ ಪಟ್ಟಿಯಲ್ಲಿ ಮೊದಲ ಜ್ಯಾ 225 ಅಲ್ಲ. 224 ಕಲೆ, 50 ವಿಕಲೆ, 22 ತತ್ಪರೆ. ವಿಕಲೆ ಎಂದರೆ ಕಲೆಯ ಅರವತ್ತನೇ ಪಾಲು. ತತ್ಪರೆ ಅದರ ಅರವತ್ತನೇ ಪಾಲು. ಯುರೋಪಿನಲ್ಲಿ ಇಂಥ ಸರಣಿ ಬಂದದ್ದು ಹದಿನೇಳನೇ ಶತಮಾನದಲ್ಲಿ.

ಪಟ್ಟಿ ಸರಿ, ಬುಡ ತಪ್ಪು

ಇಷ್ಟಕ್ಕೂ ಪಟ್ಟಿ ಸರಿಯಾಗಿದ್ದ ಮಾತ್ರಕ್ಕೆ ಉತ್ತರ ಸರಿಯಾಗುವುದಿಲ್ಲ. ನಡುಹಗಲಿನ ಸೂರ್ಯನಿಂದ ಅಕ್ಷಾಂಶ ತಿಳಿಯಬೇಕಾದರೆ ಆ ದಿನ ಸೂರ್ಯ ಸಮಭಾಜಕದಿಂದ ಎಷ್ಟು ಡಿಗ್ರಿ ಸರಿದಿದ್ದಾನೆ ಎಂಬ ‘ಕ್ರಾಂತಿ’ ಗೊತ್ತಿರಬೇಕು. ಸೂರ್ಯನ ಹಾದಿಯ ಗರಿಷ್ಠ ಓರೆ 24 ಡಿಗ್ರಿ ಎಂದು ನಮ್ಮ ಹಳೆಯ ಸಿದ್ಧಾಂತಗಳು ಹಿಡಿದವು. ಅದರ ಜ್ಯಾ ಪಟ್ಟಿಯಿಂದ 1,397. ಏಪ್ರಿಲ್ 20ರ ಸುಮಾರಿಗೆ ಸೂರ್ಯ ವಿಷುವದಿಂದ 30 ಡಿಗ್ರಿ ಮುಂದಿರುತ್ತಾನೆ. 30ರ ಜ್ಯಾ 1,719, ತ್ರಿಜ್ಯದ ಸರಿಯರ್ಧ. ಆದ್ದರಿಂದ ಕ್ರಾಂತಿಯ ಜ್ಯಾ 1,397ರ ಅರ್ಧ, 698½. ಪಟ್ಟಿಯಲ್ಲಿ ಹಿಂದಕ್ಕೆ ಹುಡುಕಿದರೆ ಕೋನ 11 ಡಿಗ್ರಿ 43 ಕಲೆ.

ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಆದರೂ ಇಂದಿನ ಸೂರ್ಯನಿಗೆ ಸರಿಯುತ್ತರ 11 ಡಿಗ್ರಿ 28 ಕಲೆ. ಕಾರಣ, ಆ ಓರೆ ಆರ್ಯಭಟನ ಕಾಲದಲ್ಲೇ 24ಕ್ಕಿಂತ ಸ್ವಲ್ಪ ಕಡಿಮೆಯಿತ್ತು. ಈಗ 23 ಡಿಗ್ರಿ 26 ಕಲೆಗೆ ಇಳಿದಿದೆ. ಹದಿನೈದು ಕಲೆಯ ತಪ್ಪು ಎಂದರೆ ಹದಿನೈದು ನಾಟಿಕಲ್ ಮೈಲಿ, ಹತ್ತಿರ ಹತ್ತಿರ 28 ಕಿಲೋಮೀಟರ್. ಹಳೆಯ ಅಂಕಿಯನ್ನು ಪರೀಕ್ಷಿಸದೆ ಒಪ್ಪಿಕೊಂಡರೆ ಎಷ್ಟೇ ಶುದ್ಧವಾದ ಗುಣಾಕಾರವೂ ಹಡಗನ್ನು ಉಳಿಸಲಾರದು. ಕೇರಳದ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ, 1431ರಲ್ಲಿ ‘ದೃಗ್ಗಣಿತ’ ಬರೆದದ್ದು ಈ ಎಚ್ಚರದಿಂದಲೇ. ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ ಹೊಂದಬೇಕು ಎಂಬುದು ಅದರ ತತ್ವ. ಇಂದಿಗೂ ಕೆಲವು ಪಂಚಾಂಗಗಳ ಮೇಲೆ ಕಾಣುವ ‘ದೃಗ್ಗಣಿತ’ ಎಂಬ ಮಾತಿನ ಅರ್ಥವೂ ಅದೇ.

ಅಳೆಯುವುದರಲ್ಲೂ ಇಂಥದೇ ಎಚ್ಚರ ಬೇಕು. 1,343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲೆ ನಿಂತು ಕಡಲಿನ ಅಂಚು ನೋಡುವವರಿಗೆ ಆ ಅಂಚು ನೇರ ಎದುರಿಗೆ ಇರುವುದಿಲ್ಲ, ಒಂದು ಡಿಗ್ರಿಗೂ ಹೆಚ್ಚು ತಗ್ಗಿನಲ್ಲಿರುತ್ತದೆ. ನೀರಿನಿಂದ ಒಂಬತ್ತು ಮೀಟರ್ ಎತ್ತರದ ಹಡಗಿನ ಅಟ್ಟದ ಮೇಲೂ ಈ ತಗ್ಗು ಐದು ಕಲೆ ಮೀರುತ್ತದೆ. ನಾವಿಕ ಅದನ್ನು ಕಳೆಯಲು ಮರೆತರೆ ಮತ್ತೆ ಹತ್ತು ಕಿಲೋಮೀಟರ್ ಹೋಯಿತು.

ಲೆಕ್ಕಿಗರ ಮನೆಗಳು

ಯುರೋಪಿನ ಹಡಗುಗಳು ಜಗತ್ತು ಸುತ್ತಲು ಹೊರಟ ಮೇಲೆ ಪಟ್ಟಿಗಳ ಬೇಡಿಕೆ ವಿಪರೀತ ಹೆಚ್ಚಿತು. 1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಲಾಗರಿದಮ್ ಪ್ರಕಟಿಸಿ ಗುಣಾಕಾರವನ್ನು ಸಂಕಲನಕ್ಕೆ ಇಳಿಸಿದ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಕ್ಲಾರ್ಕ್ಸ್ ಟೇಬಲ್ ನೆನಪಿರಬಹುದು. ಅದರ ಪೂರ್ವಜರು ಹುಟ್ಟಿದ್ದು ಹೀಗೆ. ಏಳೆಂಟು ಅಂಕಿಗಳ ಸೈನ್‌ಗಳನ್ನು ನಾವಿಕ ಗುಣಿಸುತ್ತಾ ಕೂರಬೇಕಾಗಿಲ್ಲ, ಅವುಗಳ ಲಾಗ್ ಕೂಡಿಸಿದರೆ ಮುಗಿಯಿತು.

1767ರಿಂದ ಬ್ರಿಟನ್ನಿನಲ್ಲಿ ‘ನಾಟಿಕಲ್ ಆಲ್ಮನಾಕ್’ ಎಂಬ ಕಡಲ ಪಂಚಾಂಗ ವರ್ಷವರ್ಷವೂ ಹೊರಬರತೊಡಗಿತು. ಅದನ್ನು ರೂಪಿಸಿದವನು ಖಗೋಳಜ್ಞ ನೆವಿಲ್ ಮ್ಯಾಸ್ಕಲೈನ್. ಅದರ ಲೆಕ್ಕ ನಡೆದದ್ದು ಯಾವ ಕಚೇರಿಯಲ್ಲೂ ಅಲ್ಲ, ಊರೂರಿನ ಸಾಮಾನ್ಯ ಮನೆಗಳಲ್ಲಿ. ಶಾಲಾ ಮೇಷ್ಟ್ರುಗಳು, ಭೂಮಾಪಕರು ಕೂಲಿಗೆ ಲೆಕ್ಕ ಮಾಡುತ್ತಿದ್ದರು. ಆಗ ‘ಕಂಪ್ಯೂಟರ್’ ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ಮನುಷ್ಯ. ಲಡ್ಲೋ ಎಂಬ ಊರಿನ ಮೇರಿ ಎಡ್ವರ್ಡ್ಸ್ ಅವರಲ್ಲಿ ಒಬ್ಬಳು. ಮೊದಲು ಗಂಡನ ಹೆಸರಿನಲ್ಲಿ, ಅವನು ತೀರಿದ ಮೇಲೆ ತನ್ನದೇ ಹೆಸರಿನಲ್ಲಿ ಈ ಕೆಲಸ ಮಾಡಿ ಮನೆ ನಡೆಸಿದಳು.

ಮ್ಯಾಸ್ಕಲೈನ್ ಹಾಕಿದ ನಿಯಮ ಗಮನಾರ್ಹ. ಒಂದೇ ಲೆಕ್ಕವನ್ನು ಬೇರೆ ಬೇರೆ ಊರಿನ ಇಬ್ಬರು ಮಾಡಬೇಕು. ಮೂರನೆಯವನು ಎರಡನ್ನೂ ಹೋಲಿಸಬೇಕು. 1770ರ ಸುಮಾರಿಗೆ ಇಬ್ಬರು ಲೆಕ್ಕಿಗರು ಒಬ್ಬರದನ್ನೊಬ್ಬರು ನಕಲು ಮಾಡಿದ್ದು ಬಯಲಾಯಿತು. ಇಬ್ಬರೂ ಕೆಲಸ ಕಳೆದುಕೊಂಡರು. ಶಾಲೆಯ ಪರೀಕ್ಷೆಯಲ್ಲಿ ನಕಲು ಮಾಡಿದರೆ ನಷ್ಟ ಮಾಡಿದವನಿಗೆ ಮಾತ್ರ. ಇಲ್ಲಿ ನಷ್ಟ ಅವರ ಮುಖವನ್ನೇ ಕಾಣದ, ಯಾವುದೋ ಕಡಲಿನಲ್ಲಿ ಆ ಪುಟವನ್ನು ನಂಬಿ ಹೊರಟ ನಾವಿಕನಿಗೆ.

ಅಚ್ಚಿನ ತಪ್ಪುಗಳ ಕಾಟದಿಂದ ರೋಸಿಹೋದ ಚಾರ್ಲ್ಸ್ ಬ್ಯಾಬೇಜ್ 1822ರಲ್ಲಿ ಪಟ್ಟಿ ಮಾಡುವ ಯಂತ್ರವೊಂದರ ಯೋಜನೆ ಮುಂದಿಟ್ಟ. ಅದರ ಹೆಸರು ‘ಡಿಫರೆನ್ಸ್ ಎಂಜಿನ್’, ಅಂದರೆ ಅಂತರಗಳ ಯಂತ್ರ. ಒಂದು ಬೆಲೆಗೂ ಮುಂದಿನ ಬೆಲೆಗೂ ಇರುವ ಅಂತರ, ಆ ಅಂತರಗಳ ಅಂತರ, ಇವುಗಳನ್ನು ಕೂಡಿಸುತ್ತಾ ಹೋಗುವುದೇ ಅದರ ಕೆಲಸ. 225, 224, 222, 219 ಎಂಬ ಸಾಲಿನ ಹಿಂದಿರುವ ತಂತ್ರವೂ ಬೇರೆಯಲ್ಲ. ಬ್ಯಾಬೇಜ್ ತನ್ನ ಯಂತ್ರವನ್ನು ಪೂರ್ತಿ ಕಾಣಲಿಲ್ಲ. ಅವನು ಬಿಟ್ಟುಹೋದ ನಕ್ಷೆಯಂತೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಕಟ್ಟಿದ ಯಂತ್ರ 1991ರಲ್ಲಿ ಲೆಕ್ಕ ಮಾಡಿ ತೋರಿಸಿತು.

ಇದೇ ಪಟ್ಟಿಗಳು ನೆಲವನ್ನೂ ಅಳೆದವು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಒಂದು ಬದಿ ಅಳೆದರೆ ಸಾಕು. ಉಳಿದದ್ದನ್ನು ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡಿ ಸೈನ್ ಪಟ್ಟಿಯಿಂದ ಲೆಕ್ಕ ಹಾಕಬಹುದು. ಮದರಾಸಿನಿಂದ ಮಂಗಳೂರಿನವರೆಗೆ ಅವನು ಹೆಣೆದ ತ್ರಿಕೋನಗಳು, ನಕ್ಷೆಗಳಲ್ಲಿ ಸುಮಾರು 400 ಮೈಲಿ ಎಂದಿದ್ದ ಅಗಲ ನಿಜವಾಗಿ 360 ಮೈಲಿ ಎಂದು ತೋರಿಸಿದವು.

ಪೆಟ್ಟಿಗೆಯೊಳಗಿನ ಲೆಕ್ಕ

ಇಂದು ಗಂಗೊಳ್ಳಿ, ಮಲ್ಪೆಯ ಬೋಟುಗಳಲ್ಲಿ ಜಿಪಿಎಸ್ ಪೆಟ್ಟಿಗೆ ಇದೆ. ಗುಂಡಿ ಒತ್ತಿದರೆ ಸೈನ್ ಬರುತ್ತದೆ. ಆದರೆ ಪೆಟ್ಟಿಗೆಯೊಳಗೂ ಯಾರೋ ಲೆಕ್ಕ ಮಾಡಲೇಬೇಕಲ್ಲ! 1959ರಲ್ಲಿ ಜ್ಯಾಕ್ ವೋಲ್ಡರ್ ಎಂಬ ಅಮೆರಿಕದ ಎಂಜಿನಿಯರ್ ವಿಮಾನದ ದಿಕ್ಕು ನಿರ್ಣಯಕ್ಕಾಗಿ ಪ್ರಕಟಿಸಿದ ‘ಕಾರ್ಡಿಕ್’ ವಿಧಾನವನ್ನು ಮುಂದೆ ಅನೇಕ ಕ್ಯಾಲ್ಕುಲೇಟರ್‌ಗಳು ಅಳವಡಿಸಿಕೊಂಡವು. ಅದರಲ್ಲಿ ಕೆಲವು ನಿಶ್ಚಿತ ಕೋನಗಳಿವೆ: 45, 26.6, 14, 7.1, 3.6, 1.8, 0.9, 0.45 ಹೀಗೆ. ಮಾಸ್ತಿಕಟ್ಟೆಯ 13.75 ಬೇಕೆಂದರೆ ಅದು 45ರಿಂದ ಹೊರಟು 26.6 ಕಳೆಯುತ್ತದೆ, 14 ಕಳೆಯುತ್ತದೆ, 7.1 ಕೂಡಿಸುತ್ತದೆ, 3.6 ಕೂಡಿಸುತ್ತದೆ, 1.8 ಕಳೆಯುತ್ತದೆ, 0.9 ಕೂಡಿಸುತ್ತದೆ, 0.45 ಕಳೆಯುತ್ತದೆ. 13.75 ಬಂತು. ಪ್ರತಿ ಹೆಜ್ಜೆಗೂ ಒಂದು ಗೆರೆಯನ್ನು ತಿರುಗಿಸುತ್ತಾ ಹೋದರೆ ಕೊನೆಗೆ ಸೈನ್ ಕೈಸೇರುತ್ತದೆ. ಇಲ್ಲಿಯೂ ಇರುವುದು ಮುಖ್ಯವಾಗಿ ಕೂಡಿಸು, ಕಳೆ.

ಹಾಗಾದರೆ ಕೈಲೆಕ್ಕದ ಅಗತ್ಯ ಮುಗಿಯಿತೇ? ಅಮೆರಿಕದ ನೌಕಾ ಅಕಾಡೆಮಿ ಹಾಗೆಂದುಕೊಂಡು ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು ಸುಮಾರು ಒಂದು ದಶಕ ನಿಲ್ಲಿಸಿತ್ತು. 2015ರಲ್ಲಿ ಮತ್ತೆ ಶುರುಮಾಡಿತು. ಉಪಗ್ರಹದ ಸಂಕೇತವನ್ನು ಶತ್ರು ಕೆಡಿಸಬಹುದು, ಪೆಟ್ಟಿಗೆಯ ವಿದ್ಯುತ್ ಹೋಗಬಹುದು. ಆಗ ಪೆಟ್ಟಿಗೆ ಹೇಳಿದ್ದು ಸರಿಯೇ ಎಂದು ಇನ್ನೊಂದು ದಾರಿಯಿಂದ ನೋಡಬಲ್ಲವರು ಹಡಗಿನಲ್ಲಿ ಬೇಕು. ಮ್ಯಾಸ್ಕಲೈನನ ಮೂರನೆಯವನ ಕೆಲಸವದು.

ಕೈಯಿಂದ ಲೆಕ್ಕ ಮಾಡಿದವನಿಗೆ ಉತ್ತರದ ಜೊತೆಗೆ ಆ ಉತ್ತರ ಎಲ್ಲಿ ಎಡವಬಹುದು ಎಂಬುದೂ ತಿಳಿದಿರುತ್ತದೆ. ಏಳನೇ ಸಾಲಿನ 204ನ್ನು ಒಪ್ಪದೆ 205ಕ್ಕೆ ಹೋಗುವ ವಿವೇಕ ಅಂಥವನದು. ಗುಂಡಿ ಒತ್ತಿದವನಿಗೆ ಉತ್ತರ ಮಾತ್ರ ಸಿಗುತ್ತದೆ.

ಮಳೆ ಬಿಟ್ಟ ಮೇಲೆ, ದೀಪಾವಳಿಯ ಹೊತ್ತಿಗೆ ಆಕಾಶ ತಿಳಿಯಾದಾಗ, ಗುಡ್ಡ ಮರೆಮಾಡದ ಬಯಲಿನಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಕೈ ನೇರ ಚಾಚಿ, ದಿಗಂತದ ಮೇಲೆ ಒಂದು ಮುಷ್ಟಿ ಇಡಿ. ಅದು ಸುಮಾರು ಹತ್ತು ಡಿಗ್ರಿ. ಅದರ ಮೇಲೆ ಎರಡು ಬೆರಳು. ಹೆಚ್ಚುಕಡಿಮೆ ಅಲ್ಲಿ ಧ್ರುವ ಸಿಗುತ್ತಾನೆ. ಮನೆಯೊಳಗೆ ಬಂದು ಒಂದು ಚೂರು ಕಾಗದದ ಮೇಲೆ 671ಕ್ಕೆ 146 ಕೂಡಿಸಿ. ಮಕ್ಕಳಿದ್ದರೆ ಅವರಿಗೂ ಬೇರೆ ಕಾಗದ ಕೊಟ್ಟು, ಪಟ್ಟಿಯನ್ನು ಮೊದಲಿನಿಂದ ಮಾಡಲು ಹೇಳಿ. ಆಮೇಲೆ ಎರಡನ್ನೂ ಹೋಲಿಸಿ ನೋಡಿ.